ಮನೆಯೊಳಗೆ ಬಂದ ಪರೀಕ್ಷೆ

ಮಕ್ಕಳನ್ನು ಶಾಲಾ ಪರೀಕ್ಷೆಗೆ ಮನೆಯಲ್ಲಿ ಸಜ್ಜುಗೊಳಿಸುವ ರೂಢಿ ಕನ್ನಡ ನಾಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಹಳೆಯದಲ್ಲ. ಎಲ್ಲೋ ದೂರದಲ್ಲಿ ಕುಳಿತವರು ತೆಗೆದ ಒಂದೇ ಪ್ರಶ್ನೆಪತ್ರಿಕೆಗೆ ಸಾವಿರಾರು ಮಕ್ಕಳು ಒಂದೇ ದಿನ ಉತ್ತರ ಬರೆಯುವ ಪದ್ಧತಿ ಬರುವವರೆಗೆ ಅಂಥ ಸಿದ್ಧತೆಯ ಅಗತ್ಯವೇ ಇರಲಿಲ್ಲ. ಅದು ಬಂದ ಬೆನ್ನಿಗೇ ಮನೆಪಾಠ ಬಂತು, ಗೈಡು ಬಂತು, ಟ್ಯೂಷನ್ ಬಂತು. ಕೊನೆಗೆ ಒಂಬತ್ತು ವರ್ಷದ ಮಗುವಿಗೆ ಕೋಚಿಂಗೂ ಬಂತು. ಹೆತ್ತವರು ಹೀಗೆ ತಯಾರಿ ಮಾಡಿಸುವುದು ಸರಿಯೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಮುಗಿಯದಿರಲು ತಂದೆ-ತಾಯಿಯ ಆಸೆಗಿಂತ ಪರೀಕ್ಷೆಯ ಚರಿತ್ರೆಯೇ ಹೆಚ್ಚು ಕಾರಣ. ಪರೀಕ್ಷೆ ಎಂಬ ಒಂದೇ ಹೆಸರಿನಲ್ಲಿ ಒಮ್ಮೆ ನೌಕರಿಯ ಅರ್ಹತೆ ಗುರುತಿಸಿದ್ದಾರೆ, ಒಮ್ಮೆ ಎಣಿಕೆಯ ಸೀಟು ಹಂಚಿದ್ದಾರೆ, ಇನ್ನೊಮ್ಮೆ ಶಾಲೆ ಹೇಗೆ ನಡೆಯುತ್ತಿದೆಯೆಂದು ಅಳೆದಿದ್ದಾರೆ. ಈ ಮೂರಕ್ಕೂ ಮನೆಯವರು ಒಂದೇ ಬಗೆಯಲ್ಲಿ ತಯಾರಾಗುತ್ತ ಬಂದಿದ್ದಾರೆ.

ಸರ್ಕಾರಿ ಶಾಲೆಗಳಿಗಿಂತ ಮೊದಲು ಇದ್ದದ್ದು ಕೂಲಿಮಠ. ಉತ್ತರದ ಕಡೆ ಅದನ್ನೇ ಗಾಂವಠಿ ಶಾಲೆ ಎನ್ನುತ್ತಿದ್ದರು. ಅದರ ಒಳಗಿನ ಚಿತ್ರ ತಕ್ಕಮಟ್ಟಿಗೆ ವಿವರವಾಗಿ ಸಿಗುವುದು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯಲ್ಲಿ. ಮದರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರಾಂತದ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ್ದ. ಬಳ್ಳಾರಿ ಜಿಲ್ಲೆ ಆಗ ಇಂದಿಗಿಂತ ಬಹಳ ದೊಡ್ಡದು. ಅಲ್ಲಿ 533 ಶಾಲೆಗಳಲ್ಲಿ 6,641 ಮಕ್ಕಳು ಕಲಿಯುತ್ತಿದ್ದರು. ಕನ್ನಡ ಶಾಲೆಗಳು 235, ತೆಲುಗಿನವು 226. ಬೆಳಗ್ಗೆ ಆರಕ್ಕೆ ಪಾಠ ಶುರು. ಮೊದಲು ಬಂದ ಹುಡುಗನ ಅಂಗೈ ಮೇಲೆ ಮೇಷ್ಟ್ರು ಗೌರವದ ಗುರುತಾಗಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಕೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು; ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಮಕ್ಕಳನ್ನು ಸಾಲಿನಲ್ಲಿ ಹಿಂದುಮುಂದಾಗಿ ನಿಲ್ಲಿಸುವ ಬುದ್ಧಿ ಇಂಗ್ಲಿಷರಿಂದಲೇ ಬಂತೆಂದು ಹೇಳುವಂತಿಲ್ಲ. ಆದರೆ ಆ ಸಾಲು ಒಂದೇ ಕೊಠಡಿಯದು, ಒಂದೇ ಬೆಳಗಿನದು. ಮರುದಿನ ಬೇಗ ಎದ್ದರೆ ಅದು ಬದಲಾಗುತ್ತಿತ್ತು.

ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ, ಲೆಕ್ಕ, ಪತ್ರ ಬರೆಯುವುದು, ಅಮರಕೋಶ, ಜೈಮಿನಿ ಭಾರತ ಇವೇ ಕೂಲಿಮಠದ ಪಠ್ಯ. ಹುಡುಗರು ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತಾರೆ, ಕಲಿಸುವವರಿಗೂ ಅನೇಕ ಸಲ ಅರ್ಥ ಗೊತ್ತಿರುವುದಿಲ್ಲ ಎಂದು ಕ್ಯಾಂಪ್‌ಬೆಲ್ ಆಕ್ಷೇಪಿಸಿದ್ದ. ಮುಂದಿನ ಇನ್ನೂರು ವರ್ಷ ಪ್ರತಿಯೊಂದು ಸಮಿತಿಯೂ ಇದೇ ಆಕ್ಷೇಪವನ್ನು ಹೊಸ ಮಾತಿನಲ್ಲಿ ಎತ್ತಿದೆ. ಮನೆಯವರ ಪಾಲಿಗೆ ಬರುತ್ತಿದ್ದ ಕೆಲಸ ಬೇರೆ. ಐದನೆಯ ವರ್ಷಕ್ಕೆ ಕೂಲಿಮಠದ ಮೇಷ್ಟ್ರಾದ ಐಗಳನ್ನೂ ಶಾಲೆಯ ಹುಡುಗರನ್ನೂ ಮನೆಗೆ ಕರೆದು, ಗಣಪತಿಯ ಮುಂದೆ ಮಗುವನ್ನು ಕೂರಿಸಿ, ಅಕ್ಕಿಯಲ್ಲಿ ಅಕ್ಷರ ಬರೆಸಿ ಕಾಣಿಕೆ ಕೊಡುತ್ತಿದ್ದರು. ಆಮೇಲೆ ತಿಂಗಳಿಗಿಷ್ಟು ದುಡ್ಡೋ ದವಸವೋ ಸಲ್ಲುತ್ತಿತ್ತು. ಹಳೇ ಮೈಸೂರು ಸೀಮೆಯಲ್ಲಿ ಮಹಾನವಮಿ ಬಂತೆಂದರೆ ಐಗಳು ಹುಡುಗರನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ ಚೌಪದಿ ಹಾಡಿಸುತ್ತಿದ್ದರು. ಮಗ ಏನು ಕಲಿತಿದ್ದಾನೆಂಬುದು ತಂದೆ-ತಾಯಿಗೂ ನೆರೆಹೊರೆಯವರಿಗೂ ಅಂಗಳದಲ್ಲೇ ಕೇಳಿಸುತ್ತಿತ್ತು, ಐಗಳಿಗೆ ಸಂಭಾವನೆಯೂ ಸಿಗುತ್ತಿತ್ತು. ಅದನ್ನು ಪರೀಕ್ಷೆ ಎನ್ನುವುದಾದರೆ, ಅಲ್ಲಿ ಪರೀಕ್ಷಕರೇ ಮನೆಯವರು.

1857ರಲ್ಲಿ ಮದರಾಸು ಮತ್ತು ಮುಂಬಯಿ ವಿಶ್ವವಿದ್ಯಾಲಯಗಳು ಹುಟ್ಟಿದ ಮೇಲೆ ಪರೀಕ್ಷಕ ಕಣ್ಣಿಗೆ ಕಾಣದವನಾದ. ಮೈಸೂರು, ಮಂಗಳೂರು, ಬಳ್ಳಾರಿಯ ಹುಡುಗರು ಮದರಾಸಿನ ಮೆಟ್ರಿಕ್ಯುಲೇಷನ್ನಿಗೂ ಧಾರವಾಡ, ಬೆಳಗಾವಿ, ವಿಜಾಪುರದವರು ಮುಂಬಯಿಯದಕ್ಕೂ ಕೂರಬೇಕಾಯಿತು. ಉತ್ತರಪತ್ರಿಕೆ ರೈಲಿನಲ್ಲೋ ಟಪಾಲಿನಲ್ಲೋ ಹೋಗುತ್ತಿತ್ತು. ಹೆಸರಿನ ಬದಲು ಒಂದು ಸಂಖ್ಯೆ ಮರಳಿ ಬರುತ್ತಿತ್ತು. ಆ ವ್ಯವಸ್ಥೆಗೆ ಒಂದು ನ್ಯಾಯವೂ ಇತ್ತೆಂಬುದನ್ನು ಮರೆಯಬಾರದು. ಹುಡುಗ ಯಾರ ಮಗ, ಯಾವ ಜಾತಿ, ಯಾವ ಊರು ಎಂಬುದು ಉತ್ತರ ತಿದ್ದುವವನಿಗೆ ತಿಳಿಯುತ್ತಿರಲಿಲ್ಲ. ಆದರೆ ಉತ್ತರ ಬರೆಯುವಷ್ಟು ಇಂಗ್ಲಿಷು ಯಾವ ಮನೆಯ ಹುಡುಗನಿಗೆ ಸಿಕ್ಕೀತು ಎಂಬುದು ಪರೀಕ್ಷೆಯ ದಿನಕ್ಕಿಂತ ಎಷ್ಟೋ ಮೊದಲೇ ತೀರ್ಮಾನವಾಗಿರುತ್ತಿತ್ತು.

ಕೆಳಗಿನ ತರಗತಿಗಳಿಗೂ ಪರೀಕ್ಷೆ ಇಳಿದದ್ದು ಹಣದ ದಾರಿಯಿಂದ. ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಯಾದ ‘ಫಲಿತಾಂಶಕ್ಕೆ ತಕ್ಕ ಅನುದಾನ’ ಪದ್ಧತಿಯನ್ನು ಮುಂಬಯಿ ಮತ್ತು ಮದರಾಸು ಪ್ರಾಂತಗಳು ಅದೇ ದಶಕದಲ್ಲಿ ಎತ್ತಿಕೊಂಡವು. ಇನ್‌ಸ್ಪೆಕ್ಟರ್ ಸಾಹೇಬರು ಬಂದು ಮಕ್ಕಳನ್ನು ಓದು, ಬರಹ, ಲೆಕ್ಕದಲ್ಲಿ ಒಬ್ಬೊಬ್ಬರನ್ನಾಗಿ ಪರೀಕ್ಷಿಸಬೇಕು. ಪಾಸಾದವರ ಲೆಕ್ಕ ಹಿಡಿದು ಶಾಲೆಗೆ ದುಡ್ಡು. ಮೇಷ್ಟ್ರ ಹೊಟ್ಟೆಪಾಡು ಸಾಹೇಬರ ಒಂದು ದಿನದ ಭೇಟಿಗೆ ಗಂಟುಬಿದ್ದ ಮೇಲೆ ಪಾಠವೆಲ್ಲ ಆ ದಿನದ ತಾಲೀಮೇ ಆಯಿತು. ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಬಿ.ಎಲ್. ರೈಸ್ 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ ಬೇರೆ ಜಾಡಿನದು: ಹೋಬಳಿಗೊಂದು ಶಾಲೆ, ಸರ್ಕಾರದ ಸಂಬಳ. ಕೊನೆಗೆ 1904ರ ಶಿಕ್ಷಣ ನಿರ್ಣಯದಲ್ಲಿ ಲಾರ್ಡ್ ಕರ್ಜನ್ನನ ಸರ್ಕಾರವೇ ಪರೀಕ್ಷೆಗೆ ಅತಿಯಾದ ಮಹತ್ವ ಸಿಕ್ಕಿದೆಯೆಂದು ಒಪ್ಪಿಕೊಂಡು ಫಲಿತಾಂಶದ ಅನುದಾನವನ್ನು ಕೈಬಿಟ್ಟಿತು. ಅನುದಾನ ಹೋಯಿತು, ತಾಲೀಮು ಉಳಿಯಿತು. ಅಷ್ಟು ಹೊತ್ತಿಗೆ ಪರೀಕ್ಷೆಯ ಆಚೆ ನೌಕರಿ ಕಾಣಿಸಲು ಶುರುವಾಗಿತ್ತು.

ಮುಂಬಯಿ ಕರ್ನಾಟಕದಲ್ಲಿ ಕನ್ನಡ ಏಳನೆಯ ಇಯತ್ತೆಯ ಕೊನೆಯ ಪರೀಕ್ಷೆಗೆ ಮುಲ್ಕಿ ಎಂದು ಹೆಸರು. ಮುಲ್ಕಿ ಪಾಸಾದವನು ಕನ್ನಡ ಶಾಲೆಯ ಮಾಸ್ತರನಾಗಬಹುದಿತ್ತು, ತಲಾಠಿಯಾಗಬಹುದಿತ್ತು. ಮೈಸೂರಿನಲ್ಲಿ ಅದೇ ಜಾಗದಲ್ಲಿ ಲೋಯರ್ ಸೆಕೆಂಡರಿ, ಅಂದರೆ ಎಲ್.ಎಸ್. ಪರೀಕ್ಷೆ ಇತ್ತು. ಹೊಲ-ಮನೆ ಬಿಟ್ಟು ತಿಂಗಳ ಸಂಬಳ ಎಂಬುದು ಹಳ್ಳಿಯ ಸಂಸಾರಕ್ಕೆ ಮೊದಲ ಬಾರಿ ಎಟುಕಿದ್ದು ಈ ಎರಡು ಪರೀಕ್ಷೆಗಳಿಂದ. ಪಾಸಾದವರ ಹೆಸರಿಗೆ ಅದು ಪದವಿಯಂತೆ ಅಂಟಿಕೊಳ್ಳುತ್ತಿತ್ತು. ‘ಮುಲ್ಕಿ ಆದವರು’ ಎಂದರೆ ಊರಿನಲ್ಲಿ ಅರ್ಜಿ ಬರೆದುಕೊಡಬಲ್ಲವರು. ಮಗ ಪಾಸಾಗಲಿ ಎಂದು ಅಪ್ಪ-ಅಮ್ಮ ಮಾಡಬಹುದಾಗಿದ್ದ ತಯಾರಿ ಆಗ ಪುಸ್ತಕದ್ದಲ್ಲ, ಏಕೆಂದರೆ ಬಹುಪಾಲು ಮನೆಗಳಲ್ಲಿ ಓದಬಲ್ಲವರೇ ಇರಲಿಲ್ಲ. ದನ ಕಾಯುವ ಕೆಲಸದಿಂದ ಬಿಡುವು ಕೊಡುವುದು, ಸೀಮೆಎಣ್ಣೆ ಒದಗಿಸುವುದು, ಪೇಟೆಯ ಬಂಧುಗಳ ಮನೆಯಲ್ಲಿ ಬಿಡುವುದು, ಅದೂ ಆಗದಿದ್ದರೆ ವಾರಾನ್ನಕ್ಕೆ ಏಳು ಮನೆ ಗೊತ್ತುಮಾಡುವುದು. ಇಂದಿನ ಚರ್ಚೆಯಲ್ಲಿ ತಯಾರಿ ಎಂದರೆ ಮಗುವಿನ ಪಕ್ಕ ಕುಳಿತು ಪಾಠ ಹೇಳಿಕೊಡುವುದೆಂದೇ ಎಲ್ಲರೂ ಹಿಡಿಯುತ್ತಾರೆ. ಬಿಡುವು, ಬೆಳಕು, ಊಟ ಇವನ್ನು ಒದಗಿಸಿದ್ದು ಅದಕ್ಕಿಂತ ಹಳೆಯ ತಯಾರಿ. ಇಂದಿಗೂ ಎಷ್ಟೋ ಮನೆಗಳಿಗೆ ಸಾಧ್ಯವಾಗಿರುವುದು ಅಷ್ಟೇ.

ಅನುಕೂಲಸ್ಥರ ಮನೆಗಳಲ್ಲಿ ಮನೆಪಾಠದ ಮೇಷ್ಟ್ರು ಬಂದದ್ದೂ ಈ ಕಾಲದಲ್ಲೇ. ಬಡ ವಿದ್ಯಾರ್ಥಿ ಓದು ಸಾಗಿಸಲು ಶ್ರೀಮಂತರ ಮಕ್ಕಳಿಗೆ ಪಾಠ ಹೇಳುವುದು ಬೆಂಗಳೂರು, ಮೈಸೂರುಗಳಲ್ಲಿ ಸಾಮಾನ್ಯವಾಗಿತ್ತು. 1881ರಲ್ಲಿ ಬಿ.ಎ. ಮುಗಿಸಿದ ಎಂ. ವಿಶ್ವೇಶ್ವರಯ್ಯ ಸೆಂಟ್ರಲ್ ಕಾಲೇಜಿನ ದಿನಗಳನ್ನು ಕಳೆದದ್ದು ಹಾಗೆಯೇ, ಬೆಂಗಳೂರಿನಲ್ಲಿ ನೆಲೆಸಿದ್ದ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ. ಒಂದು ಮನೆಯ ಪರೀಕ್ಷಾ ಸಿದ್ಧತೆಗೆ ಹೋದ ದುಡ್ಡು ಇನ್ನೊಂದು ಮನೆಯ ಹುಡುಗನ ವಿದ್ಯೆಗೆ ಸಲ್ಲುತ್ತಿದ್ದ ಆ ಏರ್ಪಾಟು ಇಂದಿನ ಕೋಚಿಂಗ್ ಸಂಸ್ಥೆಗಳಲ್ಲಿ ಇಲ್ಲ.

ಮೈಸೂರು ಸಂಸ್ಥಾನ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಸ್ಪರ್ಧಾ ಪರೀಕ್ಷೆ ಶುರುಮಾಡಿದ ಮೇಲೆ ಮೇಲಿನ ಹುದ್ದೆಯ ದಾರಿಯೂ ಪರೀಕ್ಷೆಯ ಮೂಲಕವೇ ಆಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರರು ಸರ್ಕಾರಿ ಸೇವೆಗೆ ಬಂದದ್ದು ಆ ಪರೀಕ್ಷೆಯಿಂದ. ಅವರ ಗೆಳೆಯ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ನನ್ನೇ ದಾಟಲಿಲ್ಲ. ಸಾಹಿತ್ಯ ಚರಿತ್ರೆಯಲ್ಲಿ ಇಬ್ಬರಿಗೂ ಒಂದೇ ಸಾಲಿನ ಆಸನ. ಆದರೆ ಡಿವಿಜಿ ಅವರನ್ನು ಮುಂದಿಟ್ಟುಕೊಂಡು ಪರೀಕ್ಷೆಯಲ್ಲೇನಿದೆ ಎನ್ನುವವರು ಫೇಲಾಗಿ ಊರಿಗೆ ಮರಳಿ ಯಾರ ಕಣ್ಣಿಗೂ ಬೀಳದೆ ಹೋದ ಅಸಂಖ್ಯಾತರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೆಟ್ರಿಕ್ಯುಲೇಷನ್ನಿನ ಉರುಹೊಡೆಯುವ ರೋಗಕ್ಕೆ ಮದ್ದೆಂದೇ ಬಂದದ್ದು ಎಸ್‌ಎಸ್‌ಎಲ್‌ಸಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸು ಪ್ರಾಂತ ಈ ಯೋಜನೆ ತಂದಾಗ ಅದರ ಉದ್ದೇಶ ಒಂದು ದಿನದ ಪರೀಕ್ಷೆಯ ಭಾರ ಇಳಿಸುವುದು. ವಿದ್ಯಾರ್ಥಿಗೊಂದು ಪುಸ್ತಕ, ಅದರಲ್ಲಿ ಶಾಲೆಯಲ್ಲಿ ವರ್ಷವಿಡೀ ಪಡೆದ ಅಂಕಗಳೂ ಸಾರ್ವಜನಿಕ ಪರೀಕ್ಷೆಯ ಅಂಕಗಳೂ ಒಟ್ಟಿಗೆ ದಾಖಲಾಗಬೇಕು. ಮೈಸೂರು ಕೂಡ ಇದನ್ನು ಅನುಸರಿಸಿತು. ನೌಕರಿ ಕೊಡುವವರು, ಕಾಲೇಜಿಗೆ ಸೇರಿಸಿಕೊಳ್ಳುವವರು ಸಾರ್ವಜನಿಕ ಪರೀಕ್ಷೆಯ ಪುಟವನ್ನಷ್ಟೇ ತೆರೆದು ನೋಡತೊಡಗಿದ್ದರಿಂದ ಉಳಿದ ಪುಟಗಳು ನೆಪಕ್ಕಾದವು. ಹೆದರಿಕೆ ಕಡಿಮೆ ಮಾಡಲು ಬಂದ ಈ ನಾಲ್ಕಕ್ಷರ ನೂರು ವರ್ಷದಲ್ಲಿ ಮನೆಮನೆಯ ಹೆದರಿಕೆಯ ಹೆಸರೇ ಆಗಿಹೋಯಿತು.

1930ರ ದಶಕದ ಮಧ್ಯಮವರ್ಗದ ಮನೆಯಲ್ಲಿ ಈ ತಯಾರಿ ಹೇಗಿತ್ತೆಂಬುದಕ್ಕೆ ಇಲಾಖೆಯ ವರದಿಗಳಿಗಿಂತ ಆರ್.ಕೆ. ನಾರಾಯಣರ ಮೊದಲ ಕಾದಂಬರಿಯೇ ಒಳ್ಳೆಯ ಸಾಕ್ಷಿ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾದದ್ದು 1935ರಲ್ಲಿ. ಅದರಲ್ಲಿ ರಜೆಯ ದಿನ ಅಪ್ಪ ಹುಡುಗನನ್ನು ಕೂರಿಸಿಕೊಂಡು ಮಾವಿನಹಣ್ಣಿನ ಬೆಲೆಯ ಲೆಕ್ಕ ಕೊಡುತ್ತಾನೆ. ಹಣ್ಣು ಮಾಗಿದೆಯೋ ಇಲ್ಲವೋ ತಿಳಿಯದೆ ಬೆಲೆ ಹೇಗೆ ಕಟ್ಟುವುದೆಂದು ಹುಡುಗ ಪೇಚಾಡುತ್ತಾನೆ. ಪರೀಕ್ಷೆ ಹತ್ತಿರ ಬಂದಾಗ ಅವನು ಮಾಡುವ ತಯಾರಿ ಕಾಗದ, ನಿಬ್ಬು, ಮಸಿ, ಗುಂಡುಸೂಜಿಗಳ ಪಟ್ಟಿ ಬರೆಯುವುದು. ಮನೆಪಾಠದ ದೊಡ್ಡ ತೊಡಕನ್ನು ಆ ಮಾವಿನ ಲೆಕ್ಕ ಹಿಡಿದುಕೊಟ್ಟಿದೆ. ಅಪ್ಪನಿಗೆ ಬೇಕಾದದ್ದು ಉತ್ತರ. ಮಗುವಿನ ಪ್ರಶ್ನೆ ಅವನ ಕಿವಿಗೆ ಅಧಿಕಪ್ರಸಂಗದಂತೆ ಕೇಳಿಸುತ್ತದೆ. ನಾರಾಯಣರು ಸ್ವತಃ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿದ್ದವರು, ಅದೂ ಅಪ್ಪ ಮೈಸೂರಿನ ಮಹಾರಾಜಾ ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದಾಗ. ಪರೀಕ್ಷೆ ಬಲ್ಲ ತಂದೆ ಮನೆಯಲ್ಲೇ ಇದ್ದ ಮಾತ್ರಕ್ಕೆ ಮಗ ಪಾಸಾಗಬೇಕೆಂದೇನೂ ಇರಲಿಲ್ಲ.

ಕನ್ನಡ ಪ್ರದೇಶಗಳು ಒಂದಾದದ್ದು 1956ರಲ್ಲಿ. ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂದದ್ದು 1966ರಲ್ಲಿ. ಅಲ್ಲಿಂದ ಬೀದರಿನ ಹುಡುಗನಿಗೂ ಚಾಮರಾಜನಗರದ ಹುಡುಗಿಗೂ ಒಂದೇ ಪ್ರಶ್ನೆಪತ್ರಿಕೆ. ಏಳನೆಯ ತರಗತಿಗೂ ಪಬ್ಲಿಕ್ ಪರೀಕ್ಷೆ ಇದ್ದ ಆ ದಶಕಗಳಲ್ಲಿ ತಯಾರಿಯ ಭಾರ ಹೊತ್ತವರು ಹಳ್ಳಿಯ ಮೇಷ್ಟ್ರುಗಳೇ. ಮಾರ್ಚಿಗೆ ಒಂದೆರಡು ತಿಂಗಳಿರುವಾಗ ಹುಡುಗರು ಚಾಪೆ, ಕಂಬಳಿ, ಲಾಟೀನು ತಂದು ಶಾಲೆಯಲ್ಲೇ ಮಲಗುತ್ತಿದ್ದರು. ರಾತ್ರಿ ಓದು, ಬೆಳಗಿನ ಜಾವ ಮತ್ತೆ ಓದು, ಊಟಕ್ಕಷ್ಟೇ ಮನೆ. ಪರೀಕ್ಷೆಯ ಸೆಂಟರು ಹೋಬಳಿಯಲ್ಲೋ ತಾಲ್ಲೂಕಿನಲ್ಲೋ ಇದ್ದರೆ ಮೇಷ್ಟ್ರೇ ಮಕ್ಕಳನ್ನು ಬಸ್ಸು ಹತ್ತಿಸಿ ಕರೆದೊಯ್ದು, ಪರಿಚಯದವರ ಮನೆಯಲ್ಲೋ ಛತ್ರದಲ್ಲೋ ಉಳಿಸಿ, ಹಾಲ್ ಟಿಕೆಟ್ಟುಗಳನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ಹಂಚುತ್ತಿದ್ದರು. ಫಲಿತಾಂಶ ಬರುತ್ತಿದ್ದದ್ದು ಪೇಪರಿನಲ್ಲಿ, ಕಾಲಂಗಟ್ಟಲೆ ಸಣ್ಣಕ್ಷರದ ರಿಜಿಸ್ಟರ್ ನಂಬರುಗಳಾಗಿ. ಊರಿಗೆ ಬರುವ ಒಂದೇ ಪ್ರತಿಯ ಸುತ್ತ ಜನ ಮುತ್ತುತ್ತಿದ್ದರು. ಓದು ಬಾರದ ಅಪ್ಪ ಚೀಟಿಯಲ್ಲಿ ಬರೆಸಿಕೊಂಡ ನಂಬರನ್ನು ಹಿಡಿದು ಇನ್ನೊಬ್ಬರ ಬೆರಳು ಕಾಲಂ ಇಳಿಯುವುದನ್ನೇ ನೋಡುತ್ತಿದ್ದ.

ಇದೇ ಕಾಲದಲ್ಲಿ ಗೈಡು ಮನೆ ಸೇರಿತು. ಪಠ್ಯಪುಸ್ತಕದ ಪ್ರಶ್ನೆಗಳಿಗೆಲ್ಲ ಸಿದ್ಧ ಉತ್ತರ, ಹಿಂದಿನ ಐದು ವರ್ಷದ ಪ್ರಶ್ನೆಪತ್ರಿಕೆ, ಅಂಕಹಂಚಿಕೆಯ ನೀಲನಕಾಶೆ. ಮೇಷ್ಟ್ರುಗಳು ಗೈಡನ್ನು ಬಯ್ದರು, ಕೆಲವರು ಗೈಡನ್ನು ಬರೆದರು. ಬಯ್ಗುಳಕ್ಕೆ ಕಾರಣವಿತ್ತು. ಆದರೂ ಓದಿಸುವವರಿಲ್ಲದ ಮನೆಯ ಮಗುವಿಗೆ ಗೈಡು ಒಂದು ಸಣ್ಣ ಸಮಾನತೆಯನ್ನು ಕೊಟ್ಟಿತೆಂಬುದನ್ನೂ ಹೇಳಬೇಕು. ವಕೀಲರ ಮಗನಿಗೆ ಮನೆಯಲ್ಲೇ ಸಿಗುತ್ತಿದ್ದ ಉತ್ತರ ಕೂಲಿಕಾರನ ಮಗಳಿಗೆ ಕೆಲವು ರೂಪಾಯಿಗೆ ಸಿಕ್ಕಿತು.

1980 ಮತ್ತು 90ರ ದಶಕಗಳಲ್ಲಿ ಲೆಕ್ಕಾಚಾರ ಬದಲಾಯಿತು. ಎಸ್‌ಎಸ್‌ಎಲ್‌ಸಿ ಪಾಸಾದವನಿಗೆಲ್ಲ ಗುಮಾಸ್ತಗಿರಿ ಸಿಗುವ ಕಾಲ ಮುಗಿದು ಎಂಜಿನಿಯರಿಂಗ್, ಮೆಡಿಕಲ್ ಸೀಟಿನ ಕಾಲ ಬಂತು. ಖಾಸಗಿ ಕಾಲೇಜುಗಳ ವಂತಿಗೆಯ ಹಾವಳಿ ತಡೆಯಲು ರಾಜ್ಯ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಆ ಕಾಲೇಜುಗಳ ಸೀಟು ಹಂಚಿಕೆಯ ಬಗ್ಗೆ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ತೀರ್ಪು ಕೊಟ್ಟ ಮೇಲೆ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ, ಅಂದರೆ ಸಿಇಟಿಯ, ಘಟಕ ಹುಟ್ಟಿತು. ಮುಂದೆ ಅದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರವಾಯಿತು. ಪಾಸಾಗುವ ಪರೀಕ್ಷೆಯಲ್ಲಿ ಪಕ್ಕದವನ ಅಂಕ ಹೆಚ್ಚಾದರೆ ತನಗೇನೂ ನಷ್ಟವಿಲ್ಲ. ರ‍್ಯಾಂಕಿನ ಪರೀಕ್ಷೆಯಲ್ಲಿ ಪಕ್ಕದವನು ಟ್ಯೂಷನ್ನಿಗೆ ಹೋದರೆ ತಾನೂ ಹೋಗದೆ ವಿಧಿಯಿಲ್ಲ. ಎಲ್ಲರೂ ಹೋದ ಮೇಲೆ ಯಾರಿಗೂ ಹೆಚ್ಚುಗಾರಿಕೆ ಉಳಿಯುವುದಿಲ್ಲ. ಆದರೂ ಮೊದಲು ಬಿಡುವ ಧೈರ್ಯ ಯಾವ ತಂದೆ-ತಾಯಿಗೂ ಇರುವುದಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗಿನ ಐದೂವರೆಯ ಟ್ಯೂಷನ್ ಬ್ಯಾಚುಗಳು, ಕರಾವಳಿಯಲ್ಲಿ ಪಿಯುಸಿಯ ಜತೆಗೇ ಸಿಇಟಿ, ನೀಟ್, ಜೆಇಇ ಪಾಠ ನಡೆಸುವ ವಸತಿ ಕಾಲೇಜುಗಳು ಬೆಳೆದದ್ದು ಈ ಲೆಕ್ಕದಿಂದಲೇ.

ಅದೇ ಲೆಕ್ಕ ಪ್ರಾಥಮಿಕ ಶಾಲೆಗೂ ಇಳಿಯಿತು. ವಿಜಾಪುರದ ಸೈನಿಕ ಶಾಲೆ 1963ರಲ್ಲಿ, ಕಿತ್ತೂರಿನ ಬಾಲಕಿಯರ ವಸತಿ ಸೈನಿಕ ಶಾಲೆ 1969ರಲ್ಲಿ ಆರಂಭವಾದವು. 1986ರ ಶಿಕ್ಷಣ ನೀತಿಯ ಹೊತ್ತಿಗೆ ಜವಾಹರ ನವೋದಯ ವಿದ್ಯಾಲಯಗಳು ಬಂದವು, ಆಮೇಲೆ ರಾಜ್ಯದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು. ಎಲ್ಲಕ್ಕೂ ಪ್ರವೇಶ ಪರೀಕ್ಷೆ. ನವೋದಯದ್ದು ಎರಡು ಗಂಟೆಯ, 80 ಪ್ರಶ್ನೆಗಳ, 100 ಅಂಕದ ಪರೀಕ್ಷೆ. ಬರೆಯುವವರು ಐದನೆಯ ತರಗತಿಯ ಮಕ್ಕಳು. ಒಂದು ಮಗುವಿಗೆ ಒಂದೇ ಅವಕಾಶ. ಒಂದು ಶಾಲೆಗೆ 80 ಸೀಟು, ಅದರಲ್ಲಿ ಮುಕ್ಕಾಲು ಪಾಲು ಗ್ರಾಮೀಣ ಮಕ್ಕಳಿಗೆ. ಹಳ್ಳಿಯ ಮಗುವಿಗೆ ಭಾಷೆಯ ತೊಡಕಾಗದಿರಲಿ, ಮನೆಯ ಸ್ಥಿತಿಗತಿ ಅಡ್ಡ ಬಾರದಿರಲಿ ಎಂದೇ ಅದರಲ್ಲಿ ಅರ್ಧಭಾಗವನ್ನು ಮಾನಸಿಕ ಸಾಮರ್ಥ್ಯದ ಚಿತ್ರಪ್ರಶ್ನೆಗಳಿಗೆ ಕೊಟ್ಟರು. ನಾಲ್ಕು ಚಿತ್ರಗಳಲ್ಲಿ ಬೇರೆಯಾದದ್ದು ಯಾವುದು, ಕನ್ನಡಿಯಲ್ಲಿ ಈ ಆಕೃತಿ ಹೇಗೆ ಕಾಣುತ್ತದೆ ಎಂಬಂಥವು. ತಯಾರಿಯಿಲ್ಲದ ಮಗುವಿನ ಜಾಣ್ಮೆ ಕಂಡುಹಿಡಿಯಲು ಮಾಡಿದ ಈ ಚಿತ್ರಗಳಿಗೂ ಅಭ್ಯಾಸ ಪುಸ್ತಕ ಬಂತು. ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ‘ಸೈನಿಕ, ನವೋದಯ, ಮೊರಾರ್ಜಿ, ಕಿತ್ತೂರು’ ಎಂಬ ನಾಲ್ಕು ಹೆಸರು ಒಂದೇ ಫಲಕದ ಮೇಲೆ ಬರೆದ ಕೋಚಿಂಗ್ ಕ್ಲಾಸುಗಳು ಈಗ ಬಸ್‌ಸ್ಟ್ಯಾಂಡಿನಷ್ಟೇ ಸಾಮಾನ್ಯ. ಎಷ್ಟೋ ಕಡೆ ಅವಕ್ಕೆ ಹಾಸ್ಟೆಲೂ ಉಂಟು. ಎಂಟೊಂಬತ್ತು ವರ್ಷದ ಮಕ್ಕಳು ಊರು ಬಿಟ್ಟು ಅಲ್ಲಿದ್ದು ಓದುತ್ತಾರೆ. ಹಾಗೆ ಕಳಿಸುವ ಹೆತ್ತವರನ್ನು ಬಯ್ಯುವುದು ಸುಲಭ. ಆದರೆ ನವೋದಯದ ಒಂದು ಸೀಟು ಎಂದರೆ ಹನ್ನೆರಡನೆಯ ತರಗತಿಯವರೆಗೆ ಉಚಿತ ಊಟ, ವಸತಿ, ಇಂಗ್ಲಿಷ್ ವಿದ್ಯೆ. ಒಣಬೇಸಾಯದ ಸಂಸಾರಕ್ಕೆ ಅಷ್ಟು ದೊಡ್ಡ ಲಾಭದ ಬೇರೆ ದಾರಿ ಯಾವುದೂ ಇಲ್ಲ.

ಮಕ್ಕಳ ಮೇಲಿನ ಈ ಹೊರೆಯ ಮಾತನ್ನು ಸಂಸತ್ತಿಗೆ ಒಯ್ದವರು ಮತ್ತೆ ಆರ್.ಕೆ. ನಾರಾಯಣರೇ. ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದ ಅವರು 1989ರಲ್ಲಿ ಮಾಡಿದ ಭಾಷಣದ ವಿಷಯ ಶಾಲಾಚೀಲದ ಭಾರ. ಆ ಭಾಷಣ ಎಬ್ಬಿಸಿದ ಚರ್ಚೆಯ ಮುಂದುವರಿಕೆಯಾಗಿ ವಿಜ್ಞಾನಿ ಯಶಪಾಲ್ ಅಧ್ಯಕ್ಷತೆಯ ಸಮಿತಿ 1992ರಲ್ಲಿ ನೇಮಕಗೊಂಡು ಮರುವರ್ಷ ವರದಿ ಕೊಟ್ಟಿತು. ಚೀಲದ ತೂಕಕ್ಕಿಂತ ದೊಡ್ಡ ಹೊರೆ ಅರ್ಥವಾಗದ್ದನ್ನು ಕಲಿಯುವುದು ಎಂಬುದು ಅದರ ಮುಖ್ಯ ಮಾತು. ಕ್ಯಾಂಪ್‌ಬೆಲ್ ಓದಿದ್ದರೆ ತಲೆದೂಗುತ್ತಿದ್ದ. ನರ್ಸರಿ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನ ಬೇಡ, ಪ್ರಾಥಮಿಕ ತರಗತಿಗಳಲ್ಲಿ ವಾಡಿಕೆಯ ಹೋಂವರ್ಕ್ ಬೇಡ ಎಂದೂ ಸಮಿತಿ ಹೇಳಿತು. ಬೆಂಗಳೂರಿನ ಹೆಸರಾಂತ ಶಾಲೆಗಳು ಎಲ್‌ಕೆಜಿ ಮಗುವಿನ ಜತೆಗೆ ತಂದೆ-ತಾಯಿಯನ್ನೂ ಸಂದರ್ಶಿಸುತ್ತಿದ್ದ ಕಾಲವದು. ತಯಾರಿಯ ಅಗತ್ಯ ದೊಡ್ಡವರಿಗೇ ಬಂದಿತ್ತು. ಅದಕ್ಕೆ ಕಾನೂನಿನ ತಡೆ ಬೀಳಲು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಬೇಕಾಯಿತು. ಅದರ 13ನೇ ಸೆಕ್ಷನ್ ಮಗುವನ್ನಾಗಲಿ ಹೆತ್ತವರನ್ನಾಗಲಿ ಸೋಸಿ ನೋಡುವುದನ್ನು ನಿಷೇಧಿಸಿತು. 30ನೇ ಸೆಕ್ಷನ್ ಎಂಟನೆಯ ತರಗತಿ ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಬೇಡವೆಂದಿತು.

ಕರ್ನಾಟಕದೊಳಗೆ ಅದಕ್ಕೂ ಮೊದಲೇ ಒಂದು ಪ್ರಯೋಗ ನಡೆದಿತ್ತು. ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯನ್ನು ನೋಡಿಬಂದು 1995ರಲ್ಲಿ ಆರಂಭಿಸಿದ ನಲಿ-ಕಲಿಯಲ್ಲಿ ಪರೀಕ್ಷೆಯ ಜಾಗಕ್ಕೆ ಕಲಿಕೆಯ ಏಣಿ ಬಂತು. ಮಗು ಕಾರ್ಡುಗಳನ್ನು ಹಿಡಿದು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಮನೆಯಲ್ಲಿ ಉರುಹೊಡೆಸಲು ಏನೂ ಇರುವುದಿಲ್ಲ. ಅದೇ ಅನೇಕ ಪೋಷಕರಿಗೆ ಅನುಮಾನ ತಂದಿತು. ಪಕ್ಕದ ಕಾನ್ವೆಂಟಿನ ಮಗು ನೋಟ್‌ಬುಕ್ ತುಂಬ ಬರೆದುಕೊಂಡು ಬರುವಾಗ ತಮ್ಮ ಮಗುವಿಗೆ ಹೋಂವರ್ಕೇ ಇಲ್ಲವೆಂದರೆ ಕಲಿಸುತ್ತಿಲ್ಲವೆಂದೇ ಅರ್ಥ ಮಾಡಿಕೊಂಡರು. ನಿರಂತರ ಮೌಲ್ಯಮಾಪನ ಬಂದ ಮೇಲೆ ಇನ್ನೊಂದು ವಿಚಿತ್ರ ನಡೆಯಿತು. ಪರೀಕ್ಷೆಯ ಒತ್ತಡ ತಗ್ಗಿಸಲೆಂದು ಮಕ್ಕಳಿಗೆ ಪ್ರಾಜೆಕ್ಟ್ ಕೊಟ್ಟರೆ, ರಾತ್ರಿ ಹತ್ತಕ್ಕೆ ಥರ್ಮೋಕೋಲ್ ಕತ್ತರಿಸುತ್ತ ಕುಳಿತವರು ಅಪ್ಪ-ಅಮ್ಮ.

ಮಗುವನ್ನಲ್ಲದೆ ವ್ಯವಸ್ಥೆಯನ್ನು ಅಳೆಯುವ ಮೌಲ್ಯಾಂಕನಗಳು ಈ ಚರಿತ್ರೆಗೆ ತಡವಾಗಿ ಬಂದವು. ರಾಜ್ಯದ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆ 2005ರಲ್ಲಿ ಸ್ಥಾಪನೆಯಾಯಿತು. ರಾಷ್ಟ್ರೀಯ ಸಾಧನಾ ಸಮೀಕ್ಷೆ ನವೆಂಬರ್ 12, 2021ರಂದು 3, 5, 8 ಮತ್ತು 10ನೇ ತರಗತಿಗಳ ಆಯ್ದ ಶಾಲೆಗಳಲ್ಲಿ ನಡೆಯಿತು. ಇವುಗಳಿಂದ ಮಗುವಿಗೆ ಪಾಸು-ಫೇಲಿಲ್ಲ, ಸೀಟಿಲ್ಲ, ಅಂಕಪಟ್ಟಿಯೂ ಇಲ್ಲ. ಇಂಥದಕ್ಕೆ ಮನೆಯಲ್ಲಿ ತಯಾರಿ ಮಾಡಿಸುವುದು ವ್ಯರ್ಥ ಮಾತ್ರವಲ್ಲ, ಅಳತೆಯನ್ನೇ ಕೆಡಿಸುತ್ತದೆ. ಜ್ವರ ನೋಡುವ ಮೊದಲು ತಣ್ಣೀರು ಕುಡಿಸಿದ ಹಾಗೆ. ಆದರೆ ಜಿಲ್ಲೆಗಳಿಗೆ ಕ್ರಮಾಂಕ ಬರುವುದರಿಂದ ಮಾದರಿ ಪ್ರಶ್ನೆ ಬಿಡಿಸುವ, ಓಎಂಆರ್ ಹಾಳೆಯಲ್ಲಿ ದುಂಡು ತುಂಬಿಸುವ ಅಭ್ಯಾಸವನ್ನು ಇಲಾಖೆಯೇ ನಡೆಸುತ್ತದೆ.

ಈ ಗೊಂದಲ ನ್ಯಾಯಾಲಯ ಹತ್ತಿದ್ದು 5 ಮತ್ತು 8ನೇ ತರಗತಿಗಳ ವಿಷಯದಲ್ಲಿ. ಶಿಕ್ಷಣ ಹಕ್ಕು ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಆ ಎರಡು ತರಗತಿಗಳಿಗೆ ಪರೀಕ್ಷೆ ನಡೆಸಲು ಬಾಗಿಲು ತೆರೆದಿತ್ತು. ಕರ್ನಾಟಕ ಸರ್ಕಾರ 2022ರ ಡಿಸೆಂಬರಿನಲ್ಲಿ ರಾಜ್ಯಮಟ್ಟದ ಮೌಲ್ಯಾಂಕನದ ಸುತ್ತೋಲೆ ಹೊರಡಿಸಿತು. ಇದು ಬೋರ್ಡ್ ಪರೀಕ್ಷೆಯಲ್ಲ, ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಸರ್ಕಾರ ಹೇಳಿದರೆ, ಸುತ್ತೋಲೆಯಿಂದ ಇಂಥದ್ದನ್ನು ತರಲಾಗದು ಎಂದು ಖಾಸಗಿ ಶಾಲೆಗಳ ಸಂಘಟನೆಗಳು ಕೋರ್ಟಿಗೆ ಹೋದವು. 2023ರ ಮಾರ್ಚಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಸುತ್ತೋಲೆಯನ್ನು ರದ್ದುಮಾಡಿತು, ವಿಭಾಗೀಯ ಪೀಠ ಪರೀಕ್ಷೆಗೆ ಅನುಮತಿ ಕೊಟ್ಟಿತು, 27ರಂದು ಪರೀಕ್ಷೆ ಶುರುವಾಯಿತು. ಮರುವರ್ಷ 9 ಮತ್ತು 11ನೇ ತರಗತಿಗಳೂ ಸೇರಿಕೊಂಡವು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಅಧಿಸೂಚನೆ ರದ್ದುಮಾಡಿತು. ಮರುದಿನ ಅದಕ್ಕೆ ವಿಭಾಗೀಯ ಪೀಠದ ತಡೆ. 11ರಂದು ಪರೀಕ್ಷೆ ಆರಂಭ. 12ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿದ್ದರಿಂದ ಪರೀಕ್ಷೆ ಅರ್ಧಕ್ಕೇ ನಿಂತಿತು. 22ರಂದು ಹೈಕೋರ್ಟ್ ಮತ್ತೆ ಒಪ್ಪಿಗೆ ಕೊಟ್ಟು 25ರಿಂದ ಮುಂದುವರಿಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆಯೊಡ್ಡಿತು. ಹತ್ತು ವರ್ಷದ ಮಗುವನ್ನು ನಾಳೆಯ ವಿಷಯಕ್ಕೆ ಓದಿಸಬೇಕೋ ಬೇಡವೋ ಎಂಬುದನ್ನು ಹೆತ್ತವರು ಆ ತಿಂಗಳು ರಾತ್ರಿಯ ವಾರ್ತೆ ನೋಡಿ ತೀರ್ಮಾನಿಸಬೇಕಾಯಿತು.

ಹತ್ತನೆಯ ತರಗತಿಯಲ್ಲಿ ಅಂಥ ಅನುಮಾನಕ್ಕೆ ಎಡೆಯಿಲ್ಲ. ಅಲ್ಲಿ ತಯಾರಿ ಮಾಡಿಸಿ ಎಂದು ಪೋಷಕರನ್ನು ಬೇಡುವುದು ಸರ್ಕಾರವೇ. ತಾಯಂದಿರ ಸಭೆ, ಶಿಕ್ಷಕರ ಮನೆಭೇಟಿ, ಮಕ್ಕಳನ್ನು ಎಬ್ಬಿಸಲು ನಸುಕಿನ ಫೋನ್ ಕರೆ, ಹಿಂದುಳಿದವರಿಗೆಂದು ಸಿದ್ಧಪಡಿಸಿದ ‘ಪಾಸಿಂಗ್ ಪ್ಯಾಕೇಜ್’, ಪರೀಕ್ಷೆ ಮುಗಿಯುವವರೆಗೆ ಟಿವಿ ಹಾಕಬೇಡಿ ಎಂಬ ಮನವಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಅಳವಡಿಸಿ ನಕಲು ತಡೆದಾಗ ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕದ ಮಿತಿಯನ್ನು ಶೇ. 20ಕ್ಕೆ ಏರಿಸಿದ ಮೇಲೆ. ಅಷ್ಟು ದಿನ ತಯಾರಿಯ ಲೆಕ್ಕಕ್ಕೆ ಸೇರಿದ್ದ ಫಲಿತಾಂಶದಲ್ಲಿ ಒಂದು ಪಾಲು ಚೀಟಿಯದೂ ಆಗಿತ್ತೆಂಬುದು ಆಗ ಬಯಲಾಯಿತು.

ಖಾಸಗಿ ಪಾಠ ಈಗ ಪಟ್ಟಣದ ಚಾಳಿಯಾಗಿ ಉಳಿದಿಲ್ಲ. ಕೇಂದ್ರ ಸರ್ಕಾರದ 2025ರ ಶಿಕ್ಷಣ ವೆಚ್ಚ ಸಮೀಕ್ಷೆಯ ಪ್ರಕಾರ ದೇಶದ ಶಾಲಾ ಮಕ್ಕಳಲ್ಲಿ ಸುಮಾರು ಶೇ. 27 ಮಂದಿ ಟ್ಯೂಷನ್ ಪಡೆಯುತ್ತಿದ್ದಾರೆ. ನಗರ-ಹಳ್ಳಿಗಳ ನಡುವಿನ ಅಂತರ ಐದಾರು ಅಂಶದಷ್ಟೇ. ಕೋಚಿಂಗ್ ಕೇಂದ್ರಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದೆಂಬ ಮಾರ್ಗಸೂಚಿಯನ್ನು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿತು. ಅದನ್ನು ಜಾರಿಗೆ ತರುವ ಹೊಣೆ ರಾಜ್ಯಗಳದ್ದು. ಅದೇ ತಿಂಗಳ 20ರಂದು ಅದೇ ಸಚಿವಾಲಯದ ಅಧೀನದ ನವೋದಯ ಸಮಿತಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ಐದನೆಯ ತರಗತಿಯ ಮಕ್ಕಳಿಗೆ ಪ್ರವೇಶ ಪರೀಕ್ಷೆ ನಡೆಸಿತು.